ಎಡಗಾಲಿನ ಬಿಲ್ಲೆ

ಬಿಲ್ಲೆಯಕ್ಕ ತನ್ನ ನೆರಳನ್ನೂ ಒಮ್ಮೆ ತಿರುಗಿ ನೋಡಿ ಖಾತ್ರಿ ಮಾಡಿಕೊಳ್ಳುವ ಹೆಂಗಸು. ಹಾಲು ತಂದರೆ ಮೂಸುತ್ತಿದ್ದಳು, ತಾನು ಮೂಸಿದ ಮೇಲೆ ಗಂಡನ ಮೂಗಿಗೂ ಹಿಡಿಯುತ್ತಿದ್ದಳು. ಬಾಗಿಲಿಗೆ ಬೀಗ ಹಾಕಿ, ಜಗ್ಗಿ, ಬೀದಿಯ ತಿರುವಿನ ತನಕ ಹೋಗಿ, ವಾಪಸು ಬಂದು ಮತ್ತೆ ಜಗ್ಗುತ್ತಿದ್ದಳು. ಮನೆಯ ಕೊಡೆ, ಸೌಟು, ಗಂಡನ ಕನ್ನಡಕದ ಡಬ್ಬಿ, ಎಲ್ಲಕ್ಕೂ ಒಂದೊಂದು ಪುಟ್ಟ ಹಿತ್ತಾಳೆಯ ಬಿಲ್ಲೆ ನೇತಾಡುತ್ತಿತ್ತು. "ನನಗೊಬ್ಬನಿಗೆ ಕಟ್ಟಿಲ್ಲ ನೋಡಿ," ಎಂದು ಗಂಡ ನಮ್ಮೆದುರು ನಗುತ್ತಿದ್ದ. "ಕಟ್ಟಿದೀನಿ. ನಿಮಗೆ ಕಾಣಿಸಿಲ್ಲ ಅಷ್ಟೇ," ಎನ್ನುತ್ತಿದ್ದಳು ಅವಳು, ತುಟಿ ಸಡಿಲಿಸದೆ.

ಅವಳೂ ನಾನೂ ದುಡಿಯುತ್ತಿದ್ದದ್ದು ಒಂದು ಬೂಟಿನ ಕಾರ್ಖಾನೆಯಲ್ಲಿ. ಹೊಗೆ ಕಾರುವಂಥ ಕಾರ್ಖಾನೆಯಲ್ಲ; ತಗಡು ಹೊದಿಸಿದ ಒಂದು ಉದ್ದ ಕೋಣೆ, ಅದರ ತುದಿಗೆ ಗಾಜಿನ ಬಾಗಿಲಿನ ಅಳತೆಕೋಣೆ, ಎಲ್ಲೆಲ್ಲೂ ಅಂಟು ಮತ್ತು ಚರ್ಮದ ವಾಸನೆ. ಒಂದು ಕಾಲು ಗಿಡ್ಡವಾದವರು, ಪಾದ ಸೊಟ್ಟಗಿದ್ದವರು, ಪೇಟೆಯ ಬೂಟಿನೊಂದಿಗೆ ಗುದ್ದಾಡಿ ಸೋತವರು ನಮ್ಮಲ್ಲಿಗೆ ಬರುತ್ತಿದ್ದರು. ನಾನು ಹೊಲಿಗೆಯವನು. ಚರ್ಮಕ್ಕೆ ಸುತ್ತಿ ಬರುತ್ತಿದ್ದ ಹಳೆಯ ಪತ್ರಿಕೆಗಳಿಂದಲೇ ಅಕ್ಷರ ಕಲಿತೆ. ಓದಿದವರು ಬರೆದ ಬೋರ್ಡಿನಲ್ಲಿ ತಪ್ಪಿದ್ದರೆ ಇವತ್ತಿಗೂ ನಿಂತು ಹೇಳಿಯೇ ಮುಂದೆ ಹೋಗುತ್ತೇನೆ.

ಬಿಲ್ಲೆಯ ಹುಚ್ಚು ಅವಳಿಗೆ ಅಪ್ಪನಿಂದ ಬಂದದ್ದು. ಬೂಟು ಹೊಲಿಯಬೇಕಾದರೆ ಮೊದಲು ಆ ಕಾಲಿನದೇ ಆಕಾರದ ಮರದ ಅಚ್ಚು ಬೇಕು. ಅದರ ಮೇಲೆ ಚರ್ಮ ಎಳೆದು ಕೂರಿಸಬೇಕು. ಅವಳಪ್ಪ ನಮ್ಮಲ್ಲಿ ಕಾಲಿನ ಅಳತೆ ತೆಗೆಯುತ್ತಿದ್ದ. ಮರವನ್ನು ಉಳಿ ಹಿಡಿದು ಕಡೆಯುತ್ತಿದ್ದವನು ಉಳಿಯಣ್ಣ. ಅಚ್ಚು ಕಡೆದು ಮುಗಿದರೆ ಅವಳಪ್ಪ ಅದರ ಹಿಮ್ಮಡಿಗೆ ಒಂದು ಬಿಲ್ಲೆ ಬಡಿಯುತ್ತಿದ್ದ, ಬಿಲ್ಲೆಯ ಮೇಲೆ ಆ ಕಾಲಿನ ಗುರುತು. ಒಂದು ಸಲ ಮಾಡು ಸೋರಿ ಅಚ್ಚುಗಳೆಲ್ಲ ಅಟ್ಟದಿಂದ ಅಂಗಳಕ್ಕೆ, ಅಂಗಳದಿಂದ ಗೋದಾಮಿಗೆ ರಾಶಿರಾಶಿಯಾಗಿ ಅಲೆದವು. ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದ ಹೆಸರುಗಳು ತೊಳೆದುಹೋದವು. ಬಿಲ್ಲೆ ಮಾತ್ರ ಕಚ್ಚಿ ಹಿಡಿದಿತ್ತು. ಒಂದು ಕಾಲೂ ಅನಾಥವಾಗಲಿಲ್ಲ. ಆಗ ಲಂಗ ತೊಟ್ಟ ಹುಡುಗಿಯಾಗಿದ್ದ ಅವಳು ಆ ರಾಶಿಯ ಮುಂದೆ ಕೂತು ಒಂದೊಂದನ್ನೇ ತಿರುವಿ ನೋಡಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಅಪ್ಪ ತೀರಿಕೊಂಡ ಮೇಲೆ ಅಳತೆಕೋಣೆಯ ಬೀಗದಕೈ ಅವಳ ಸೊಂಟಕ್ಕೆ ಬಂತು. ಮುಂದೆ ಯಜಮಾನರು ಕಂಪ್ಯೂಟರು ತಂದರು. ಗಾಜಿನ ಹಲಗೆಯ ಮೇಲೆ ಕಾಲಿಟ್ಟರೆ ಸುತ್ತ ಬೆಳಕು ಹರಿದಾಡಿ, ಆ ಕಾಲು ಪರದೆಯ ಮೇಲೆ ಮೂಡಿ ಫೈಲಾಗಿ ಕೂರುತ್ತಿತ್ತು. ಆ ಫೈಲನ್ನು ಉಳಿಯಣ್ಣನ ಹೊಸ ಯಂತ್ರಕ್ಕೆ ಉಣಿಸಿದರೆ ಅದು ಮರವನ್ನು ತಾನೇ ಕಡೆಯುತ್ತಿತ್ತು. ಉಳಿ ಗೋಡೆಯ ಮೊಳೆ ಸೇರಿತು, ಅಣ್ಣ ಮಾತ್ರ ಯಂತ್ರದ ಪಕ್ಕ ಉಳಿದ.

ನನಗೆ ಆ ಪೆಟ್ಟಿಗೆಯ ಮೇಲೆ ಮೊದಲಿನಿಂದಲೂ ನಂಬಿಕೆಯಿಲ್ಲ. ಕೈಗೆ ಸಿಗದ ಕಾಲನ್ನು ಹೇಗೆ ನಂಬುವುದು? ಈ ಒಂದು ವಿಷಯದಲ್ಲಿ ಬಿಲ್ಲೆಯಕ್ಕ ನನಗಿಂತ ಒಂದು ಕೈ ಮೇಲು. ಫೈಲಿನ ಹೆಸರನ್ನು ಯಾರು ಬೇಕಾದರೂ ಅಳಿಸಿ ಬೇರೆ ಬರೆಯಬಹುದು, ಒಂದು ಫೋಲ್ಡರಿನಿಂದ ಎತ್ತಿ ಇನ್ನೊಂದರಲ್ಲಿ ಬಿಸಾಡಬಹುದು ಎಂದು ತಿಳಿದ ದಿನ ಅವಳಿಗೆ ಊಟ ಸೇರಲಿಲ್ಲ. ಕಂಪ್ಯೂಟರು ರಿಪೇರಿಯವನ ಬೆನ್ನು ಹತ್ತಿ, ಪೀಡಿಸಿ, ಒಂದು ತಂತ್ರಾಂಶ ಹಾಕಿಸಿಕೊಂಡಳು.

"ಇದು ನನ್ನ ಹಾಗೇನೇ ಚಿಕ್ಕಪ್ಪ," ಎಂದಳು ನನಗೆ. ಅಪ್ಪನ ಗೆಳೆಯನಾದ್ದರಿಂದ ನಾನು ಅವಳಿಗೆ ಚಿಕ್ಕಪ್ಪ. "ಹೆಸರನ್ನೂ ನಂಬಲ್ಲ, ಜಾಗಾನೂ ನಂಬಲ್ಲ. ಫೈಲಿನೊಳಗೆ ಇರೋದನ್ನೆಲ್ಲ ಓದಿ ಒಂದು ಗುರುತು ಮಾಡ್ಕೊಳತ್ತೆ, ನಮ್ಮ ಹೆಬ್ಬೆಟ್ಟಿನ ಗುರುತಿನ ಹಾಗೆ. ಆ ಗುರುತಿಗೆ ನಾನು ಬಿಲ್ಲೆ ಕಟ್ತೀನಿ. ಆಮೇಲೆ ಫೈಲಿಗೆ ಯಾವ ಹೆಸರಾದರೂ ಇಡಲಿ, ಯಾವ ಮೂಲೆಗಾದರೂ ಎಸೀಲಿ. ಬಿಲ್ಲೆ ಹೆಸರು ಕೇಳಿದ್ರೆ ಕಂಪ್ಯೂಟರೆಲ್ಲ ಹುಡುಕಿ ತಂದು ನಿಲ್ಲಿಸತ್ತೆ."

"ಒಳಗೆ ಇರೋದೇ ಬದಲಾದ್ರೆ?"

"ಆಗ ಅದು ಬೇರೆ ಕಾಲು. ಬಿಲ್ಲೆ ಕಳಚಿ ಬೀಳತ್ತೆ. ಬೀಳ್ಲೇಬೇಕು." ಹೇಳಿ ನನ್ನನ್ನೇ ಒಂದು ಗಳಿಗೆ ನೋಡಿದಳು. "ಯಾಕೆ ಕೇಳಿದ್ರಿ?"

ಒಂದು ಕಾಲಿಗೆ ಒಂದೇ ಬಿಲ್ಲೆಯಲ್ಲ. ಯಾರದು, ಎಡವೋ ಬಲವೋ, ಸೊಟ್ಟವೋ ಗಿಡ್ಡವೋ, ಕೂತು ದುಡಿಯುವವರೋ ನಿಂತು ದುಡಿಯುವವರೋ, ಎಲ್ಲಕ್ಕೂ ಒಂದೊಂದು. ಗಿರಾಕಿಯ ಬುದ್ಧಿಗೂ ಕೆಲವೊಮ್ಮೆ ಒಂದು ಬೀಳುತ್ತಿತ್ತು. 'ಬೊಬ್ಬೆ ಹಾಕುತ್ತಾರೆ' ಎಂಬ ಬಿಲ್ಲೆ ಕೇಳಿದರೆ ಒಂದು ಸಂತೆಯಷ್ಟು ಕಾಲು ಬರುತ್ತಿತ್ತು.

ಹೀಗಿರುವಾಗ ಯಜಮಾನರ ಹೆಂಡತಿಯ ಅಣ್ಣ ಲೆಕ್ಕಪತ್ರ ನೋಡಿಕೊಳ್ಳಲು ಬಂದರು. ಯಜಮಾನರು ಭಾವ ಎಂದು ಕರೆಯುತ್ತಿದ್ದುದರಿಂದ ಅವರು ಇಡೀ ಕಾರ್ಖಾನೆಗೇ ಭಾವ. ಇಸ್ತ್ರಿ ಮಾಡಿದ ಮನುಷ್ಯ. ಮೇಜಿನ ಮೇಲೆ ಪೆನ್ನು ಓರೆಯಾಗಿದ್ದರೆ ಅವರಿಗೆ ತಡೆಯುತ್ತಿರಲಿಲ್ಲ. ಬಂದ ವಾರದಲ್ಲೇ ಅಳತೆಕೋಣೆಗೆ ಕೈಹಾಕಿದರು. 'ಅಜ್ಜಿ ಎಡ ಹೊಸದು', 'ಸೈಕಲ್ಲಿನವನು ಬಲ' ಎಂದೆಲ್ಲ ಇದ್ದ ಫೈಲುಗಳ ಹೆಸರನ್ನು ಅಳಿಸಿ, ವರ್ಷ ತಿಂಗಳು ಹಾಕಿ, ಸಿಪಾಯಿಗಳಂತೆ ಸಾಲಾಗಿ ಬೇರೆ ಫೋಲ್ಡರುಗಳಲ್ಲಿ ನಿಲ್ಲಿಸಿದರು.

ಬಿಲ್ಲೆಯಕ್ಕ ರೇಗುತ್ತಾಳೆ ಎಂದು ನಾವೆಲ್ಲ ಕಿವಿ ನೆಟ್ಟಗೆ ಮಾಡಿಕೊಂಡು ಕಾದೆವು. ಅವಳು ರೇಗಲಿಲ್ಲ. "ಜೋಡಿಸ್ಲಿ ಬಿಡಿ," ಎಂದು ಪಕ್ಕದಲ್ಲಿ ಕೂತು ಕಡಲೆ ತಿಂದಳು. ಅದು ನಮಗೆ ಇನ್ನೂ ಅನುಮಾನ ತಂದಿತು. ಈ ಹೆಂಗಸು ಸುಮ್ಮನಿದ್ದಾಳೆ ಎಂದರೆ ಏನೋ ಇದೆ. ಭಾವನಿಗೂ ಹಾಗೇ ಅನಿಸಿರಬೇಕು; ಅಂದಿನಿಂದ ಅವಳು ಕೋಣೆ ಬಿಟ್ಟು ಹೊರಗೆ ಹೋಗುವಾಗಲೆಲ್ಲ ಅವಳ ಚೀಲದ ಕಡೆ ಒಂದು ಕಣ್ಣು ಹಾಯಿಸುತ್ತಿದ್ದರು.

ಹೀಗೆ ಹೊಗೆಯಾಡುತ್ತಿದ್ದುದಕ್ಕೆ ಬೆಂಕಿ ಹತ್ತಿದ್ದು ಕಂಡಕ್ಟರಮ್ಮನಿಂದ. ಬಸ್ಸಿನಲ್ಲಿ ದಿನವಿಡೀ ನಿಂತು ಟಿಕೆಟ್ ಕೊಡುವ ಹೆಂಗಸು. ಹುಟ್ಟಿನಿಂದ ಎಡಪಾದ ಒಳಕ್ಕೆ ತಿರುಗಿದೆ. ನಾವು ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ಹವಾಯಿ ಚಪ್ಪಲಿ ಹಾಕಿಕೊಂಡು ಕುಂಟುತ್ತ ಬಂದು, ಕೈಯಲ್ಲಿದ್ದ ಎಡಬೂಟನ್ನು ಯಜಮಾನರ ಮೇಜಿನ ಮೇಲೆ ಧಪ್ಪೆಂದು ಇಟ್ಟಳು.

"ಯಾರ ಕಾಲಿಗೆ ಹೊಲಿದ್ರಿ ಸಾರ್ ಇದನ್ನ? ನನ್ನ ಕಾಲಿಗಂತೂ ಅಲ್ಲ."

"ಕೂತ್ಕೊಳ್ಳಿ ತಾಯಿ, ಏನಾಯ್ತು?"

"ಕೂರೋದಾ? ಕೂರೋ ಕೆಲಸ ಆಗಿದ್ರೆ ನಿಮ್ಮ ಹತ್ರ ಯಾಕೆ ಬರ್ತಿದ್ದೆ! ಬಸ್ಸು ಬ್ರೇಕ್ ಹಾಕಿದಾಗೆಲ್ಲ ನಾನು ಮುಂದೆ ಹೋಗ್ತೀನಿ, ಬೂಟು ಹಿಂದೆ ಉಳಿಯತ್ತೆ. ಬೂಟಿಗೂ ಬೇರೆ ಟಿಕೆಟ್ ತಗೊಂಡಿದೀರಾ ಅಂತ ನಮ್ಮ ಡ್ರೈವರು ಕೇಳ್ತಾನೆ."

ನಗು ಬಂತು, ಅಷ್ಟರಲ್ಲಿ ಅವಳು ಹಿಮ್ಮಡಿ ತಿರುಗಿಸಿ ತೋರಿಸಿದಳು. ಚರ್ಮ ಸುಲಿದು ಹಸಿಮಾಂಸ ಕಾಣುತ್ತಿತ್ತು. ಯಜಮಾನರ ಮುಖ ಕಪ್ಪಿಟ್ಟಿತು. ನಮ್ಮ ಕಾರ್ಖಾನೆಯ ಬೂಟು ಯಾರ ಕಾಲನ್ನೂ ಕಚ್ಚಿದ್ದು ಅವರ ಅಪ್ಪನ ಕಾಲದಿಂದ ಇಲ್ಲ.

ಅವಳು ಹೋದ ಮೇಲೆ ಭಾವ ಗಂಟಲು ಸರಿ ಮಾಡಿಕೊಂಡರು. "ಹೊಲಿಗೆ ಸರಿಯಾಗಿದೆ, ಮರ ಯಂತ್ರ ಕಡೆದದ್ದು. ಉಳಿಯೋದು ಅಳತೆ. ಅದು ಒಬ್ಬರದೇ ಕೈಲಿದೆ, ಬೀಗ ಹಾಕ್ಕೊಂಡು ಕೂತ ಕೋಣೇಲಿ. ಒಳಗೆ ಏನು ನಡೆಯತ್ತೆ ಯಾರಿಗೆ ಗೊತ್ತು?"

"ನನ್ನ ಅಳತೆ ತಪ್ಪಿಲ್ಲ," ಎಂದಳು ಬಿಲ್ಲೆಯಕ್ಕ. "ಯಾರೋ ಕೈಯಾಡಿಸಿದಾರೆ."

"ಯಾರು?"

ಅವಳು ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದಳು. ಅಳತೆಯ ಟೇಪು ಮೈಮೇಲೆ ಹರಿದಂತಾಯಿತು.

ಯಜಮಾನರು ಕೊನೆಗೆ ಹೇಳಿದರು: "ಅಕ್ಕಾ, ನಿಮ್ಮಪ್ಪನ ಮುಖ ನೋಡಿ ಹೇಳ್ತಿದೀನಿ. ಶನಿವಾರ ಆಕೆನೂ ಬರ್ಲಿ, ಎಲ್ಲರೆದುರು ತಪ್ಪು ಎಲ್ಲಾಯ್ತು ಅಂತ ತೋರಿಸಿ. ತೋರಿಸೋಕೆ ಆಗದಿದ್ರೆ ಬೀಗದಕೈ ಭಾವನಿಗೆ ಕೊಟ್ಟು ಮನೇಲಿರಿ."

ಅವಳ ಕೈ ಸೊಂಟದ ಬೀಗದಕೈ ಮೇಲೆ ಹೋಗಿ ಅಲ್ಲೇ ನಿಂತಿತು.

ಶನಿವಾರದ ತನಕ ಕಾರ್ಖಾನೆ ಕಾರ್ಖಾನೆಯಾಗಿರಲಿಲ್ಲ. ನನ್ನ ಅನುಮಾನವೆಲ್ಲ ಭಾವನ ಮೇಲೆ. ಫೈಲುಗಳನ್ನು ಎತ್ತಿ ಇಳಿಸಿ ಮಾಡುವಾಗ ಇವನೇ ಏನೋ ಎಡವಟ್ಟು ಮಾಡಿ, ಬೇಕೆಂದೇ ಅವಳ ತಲೆಗೆ ಕಟ್ಟುತ್ತಿದ್ದಾನೆ ಎಂದು ಲೆಕ್ಕ ಹಾಕಿದೆ. ಭಾವನ ಅನುಮಾನ ಅವಳ ಮೇಲೆ. ಅವಳ ಅನುಮಾನ ಎಲ್ಲರ ಮೇಲೆ. ನನ್ನ ಸೂಜಿಯ ಡಬ್ಬಿಯನ್ನೂ ನಾನಿಲ್ಲದಾಗ ಬಿಚ್ಚಿ ನೋಡಿದ್ದಳು, ಮುಚ್ಚಳ ತಿರುವಿ ಹಾಕಿತ್ತು. ಉಳಿಯಣ್ಣ ಒಬ್ಬನೇ ಯಾರ ತಂಟೆಗೂ ಹೋಗದೆ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದ. ಎಣ್ಣೆ ಬಿಟ್ಟ ಜಾಗಕ್ಕೇ ಮತ್ತೆ ಬಿಡುತ್ತಿದ್ದ.

"ಏನಣ್ಣ, ಯಂತ್ರಕ್ಕೆ ಸ್ನಾನ ಮಾಡಿಸ್ತಿದೀಯಾ?" ಎಂದೆ.

"ಸದ್ದು ಮಾಡ್ತಿತ್ತು," ಎಂದ. ಯಂತ್ರ ನಿಂತಿತ್ತು.

ಶನಿವಾರ ಬೆಳಿಗ್ಗೆ ಎಲ್ಲರೂ ಅಳತೆಕೋಣೆಯಲ್ಲಿ ಸೇರಿದೆವು. ಕಂಡಕ್ಟರಮ್ಮ ಗಾಯಕ್ಕೆ ಹತ್ತಿ ಅಂಟಿಸಿಕೊಂಡು ಬಂದು, ಇದ್ದ ಒಂದೇ ಕುರ್ಚಿಯಲ್ಲಿ ಕೂತಳು. ಬಿಲ್ಲೆಯಕ್ಕ ಕಂಪ್ಯೂಟರಿನ ಮುಂದೆ ನಿಂತೇ, 'ಕಂಡಕ್ಟರಮ್ಮ' ಎಂಬ ಬಿಲ್ಲೆ ಕೇಳಿದಳು. ಒಂದು ಬಲಗಾಲು ಬಂತು. ಭಾವ ಇಟ್ಟ ಹೊಸ ಹೆಸರು, ಭಾವ ಹಾಕಿದ ಹೊಸ ಫೋಲ್ಡರು. ಬಿಲ್ಲೆಗಳು ಮಾತ್ರ ಹಳೆಯವೇ: ಕಂಡಕ್ಟರಮ್ಮ, ಬಲ, ನಿಂತು ದುಡಿಯುವವರು, ಬೊಬ್ಬೆ ಹಾಕುತ್ತಾರೆ.

"ಏನದು ಕೊನೇದು?" ಎಂದಳು ಕಂಡಕ್ಟರಮ್ಮ, ಕುತ್ತಿಗೆ ಚಾಚಿ.

"ಅದು ಬೂಟಿನ ವಿಷಯ," ಎಂದು ನಾನು ತೇಲಿಸಿದೆ.

ಎಡಗಾಲು ಬರಲಿಲ್ಲ. ಬಿಲ್ಲೆಯಕ್ಕ ಮತ್ತೆ ಕೇಳಿದಳು. ಬರಲಿಲ್ಲ. ಭಾವ ತಾನೇ ಮುಂದೆ ಬಾಗಿ ತನ್ನ ಫೋಲ್ಡರು ತೆರೆದರು. ಎಡಗಾಲಿನ ಫೈಲು ಇರಬೇಕಾದ ಜಾಗದಲ್ಲೇ, ಇರಬೇಕಾದ ಹೆಸರಿನಲ್ಲೇ ಕೂತಿತ್ತು, ಬಿಲ್ಲೆಯಿಲ್ಲದೆ ಬೋಳಾಗಿ.

"ನೋಡಿ," ಎಂದರು ಭಾವ. "ನಾನಿಟ್ಟದ್ದು ಇಟ್ಟಲ್ಲೇ ಇದೆ. ಇವರ ಬಿಲ್ಲೆ ಉದುರಿಹೋಯ್ತು. ಇದನ್ನೇನು ನೆಚ್ಕೊಳ್ಳೋದು?"

"ಉದುರಿದ್ದಲ್ಲ," ಎಂದಳು ಅವಳು. ಧ್ವನಿ ತಗ್ಗಿತ್ತು. "ನೀವು ಹೆಸರು ಬದಲಾಯಿಸಿದ್ರಿ, ಜಾಗ ಬದಲಾಯಿಸಿದ್ರಿ. ಬಲಗಾಲಿನ ಬಿಲ್ಲೆ ಅಲ್ಲಾಡಿತಾ? ಇಲ್ಲ. ಎಡದ್ದು ಬಿದ್ದಿದೆ ಅಂದ್ರೆ ಒಳಗಿನ ಕಾಲನ್ನೇ ಯಾರೋ ಮುಟ್ಟಿದಾರೆ."

"ನಾನು ಕಾಲು ಮುಟ್ಟಿಲ್ಲ! ನನಗೆ ಆ ಫೈಲು ತೆಗೆಯೋಕೂ ಬರಲ್ಲ."

ಅವಳು ಚೀಲದಿಂದ ಗಂಡನ ಹಳೆಯ ಕನ್ನಡಕದ ಡಬ್ಬಿ ತೆಗೆದಳು. ಒಳಗೆ ಕನ್ನಡಕವಿರಲಿಲ್ಲ, ಒಂದು ಪುಟ್ಟ ಡಿಸ್ಕು. ಕಂಪ್ಯೂಟರನ್ನೂ ನಂಬದೆ, ಪ್ರತಿ ಕಾಲಿನ ಒಂದು ಪ್ರತಿಯನ್ನು ಅದರಲ್ಲಿ ಇಟ್ಟು ಮನೆಗೆ ಹೊತ್ತೊಯ್ಯುತ್ತಿದ್ದಳು. "ಅದಕ್ಕೇ ಆ ಚೀಲ!" ಎಂದರು ಭಾವ, ಯಾರಿಗೆಂದಿಲ್ಲದೆ. ಡಿಸ್ಕು ಚುಚ್ಚಿ ಮತ್ತೆ ಬಿಲ್ಲೆ ಕೇಳಿದಳು. ಈ ಸಲ ಎಡಗಾಲು ಬಂತು, ಬಿಲ್ಲೆಗಳ ಗೊಂಚಲು ಸಮೇತ. ಅದನ್ನೂ ಬೋಳು ಎಡಗಾಲನ್ನೂ ಒಂದರ ಮೇಲೊಂದು ಕೂರಿಸಿದಳು. ಎಲ್ಲ ಕಡೆ ಸೇರಿತು. ಹಿಮ್ಮಡಿಯ ಸುತ್ತ ಮಾತ್ರ ಬೋಳು ಕಾಲು ಒಂದು ತೆಳು ಚರ್ಮದಷ್ಟು ಆಚೆ ಚಾಚಿತ್ತು.

ಯಾರೋ ಕೂತು, ನೋಡಿ ನೋಡಿ, ಆಕಾರ ಕೆಡದ ಹಾಗೆ ದಪ್ಪ ಮಾಡಿದ್ದರು. ಇದು ಕಾಲು ತಿಳಿಯದ ಕೈಯ ಕೆಲಸವಲ್ಲ.

"'ಸೊಟ್ಟ ಕಾಲು' ಅಂತ ಕೇಳಮ್ಮ," ಎಂದೆ.

ಡಿಸ್ಕು ಕಳಚಿ ಕೇಳಿದಳು. ಯಂತ್ರ ಬಂದಾಗಿನಿಂದ ನಾವು ಅಷ್ಟು ಜನ ಸೊಟ್ಟ ಕಾಲಿನವರಿಗೆ ಹೊಲಿದಿದ್ದೆವು. ಬಂದದ್ದು ಒಂದೇ ಒಂದು. ಹಿಂದಿನ ದಿನವಷ್ಟೇ ಅಳತೆ ಕೊಟ್ಟು ಹೋದ ಮುದುಕರದ್ದು, ಇನ್ನೂ ಕಡೆಯಲು ಹೋಗದ ಕಾಲು. ಉಳಿದ ಅಷ್ಟೂ ಸೊಟ್ಟ ಕಾಲುಗಳು ಬಿಲ್ಲೆ ಕಳೆದುಕೊಂಡು ಎಲ್ಲೋ ಕತ್ತಲಲ್ಲಿ ನಿಂತಿದ್ದವು.

ನಮ್ಮ ಕಣ್ಣುಗಳು ಭಾವನನ್ನು ಬಿಟ್ಟು ಬಾಗಿಲ ಬಳಿಗೆ ಹೋದವು. ಅಲ್ಲಿ ಉಳಿಯಣ್ಣ ಎಣ್ಣೆಯ ಬಟ್ಟೆಯನ್ನು ಹಿಂಡುತ್ತ ನಿಂತಿದ್ದ.

"ಸಡಿಲ ಅದು," ಎಂದ, ನೆಲಕ್ಕೆ. "ಸೊಟ್ಟ ಕಾಲಿಗೆ ಹಿಮ್ಮಡೀಲಿ ಸ್ವಲ್ಪ ಸಡಿಲ ಬಿಡ್ಬೇಕು. ಇಲ್ಲದಿದ್ರೆ ಒತ್ತತ್ತೆ. ಉಳಿ ಹಿಡಿದಾಗಿನಿಂದ ಬಿಟ್ಕೊಂಡು ಬಂದಿದೀನಿ. ಯಂತ್ರಕ್ಕೇನು ಗೊತ್ತು? ಅದಕ್ಕೇ ಕಡೆಯೋ ಮುಂಚೆ ಫೈಲು ತೆಗೆದು ನಾನೇ..."

"ನೀನು ಬಿಡ್ತಿದ್ದೆಯಾ?" ಬಿಲ್ಲೆಯಕ್ಕನ ಧ್ವನಿ ಒಡೆಯಿತು. "ಸಡಿಲ ಬಿಡ್ತಿದ್ದದ್ದು ಅಪ್ಪ!"

"ನಿಮ್ಮಪ್ಪ ಕೂದಲೆಳೆ ಆಚೆ ಈಚೆ ಇಲ್ದೆ ಬಿಗಿಯಾಗಿ ಅಳೀತಿದ್ರು ಕಣಮ್ಮ. ಸಡಿಲ ನನ್ನ ಉಳೀದು. ಅದು ನಮ್ಮಿಬ್ಬರ ಒಳಗಿನ ಮಾತು."

ಆಗ ಅವಳು ಗೋಡೆಗೆ ಒರಗಿಕೊಂಡಳು. ಲಂಗ ತೊಟ್ಟ ಕಾಲದಲ್ಲಿ ಅವಳು ನೋಡಿದ್ದೆಲ್ಲ ಕಡೆದು ಮುಗಿದ ಅಚ್ಚುಗಳನ್ನೇ. ಹಿಮ್ಮಡಿ ಸಡಿಲವಿದ್ದದ್ದನ್ನು ಬೆರಳಿನಲ್ಲಿ ಮುಟ್ಟಿ ತಿಳಿದು, ಅದು ಅಪ್ಪನ ಅಳತೆಯ ಗುಟ್ಟು ಎಂದು ಎದೆಯಲ್ಲಿ ಬಚ್ಚಿಟ್ಟುಕೊಂಡಿದ್ದಳು. ಪ್ರತಿ ಸೊಟ್ಟ ಕಾಲಿಗೂ ತಾನೇ ಸಡಿಲ ಕೂಡಿಸಿ, ಆಮೇಲೆ ಬಿಲ್ಲೆ ಕಟ್ಟುತ್ತಿದ್ದಳು. ಗುಟ್ಟು ಯಾರಾದರೂ ಕದ್ದಾರು ಎಂದು ಯಾರಿಗೂ ಹೇಳಿರಲಿಲ್ಲ. ಅವಳ ಫೈಲು ಮುಟ್ಟಿದೆನೆಂದರೆ ಚರ್ಮ ಸುಲಿದಾಳು ಎಂದು ಉಳಿಯಣ್ಣನೂ ಹೇಳಿರಲಿಲ್ಲ. ಹೀಗೆ ಸಡಿಲದ ಮೇಲೆ ಸಡಿಲ. ಕೂತು ದುಡಿಯುವವರಿಗೆ ಅದು ಗೊತ್ತಾಗಲಿಲ್ಲ, ಕಾಲುಚೀಲ ದಪ್ಪ ಹಾಕಿಕೊಂಡು ಸುಮ್ಮನಾದರು. ಓಡುವ ಬಸ್ಸಿನಲ್ಲಿ ನಿಂತವಳ ಹಿಮ್ಮಡಿ ಸುಲಿಯಿತು.

"ಅಲ್ಲಾ," ಎಂದಳು ಕಂಡಕ್ಟರಮ್ಮ, ಎಲ್ಲ ಕೇಳಿಸಿಕೊಂಡು. "ನಮ್ಮ ಬಸ್ಸಲ್ಲಿ ಬಸುರಿ ಬಂದ್ರೂ ಒಬ್ಬನೂ ಜಾಗ ಬಿಡಲ್ಲ. ನೀವಿಬ್ಬರು ಪೈಪೋಟಿ ಮೇಲೆ ನನ್ನ ಬೂಟಲ್ಲಿ ಜಾಗ ಬಿಟ್ರಾ?"

ಯಜಮಾನರು ನಕ್ಕುಬಿಟ್ಟರು. ಭಾವನೂ ನಕ್ಕರು, ಪಾಪ, ಅವರಿಗೆ ಆ ನಗು ಬೇಕಿತ್ತು. ನಾನು ಅವರ ಕಡೆ ನೋಡದೆ ಸೂಜಿ ಹುಡುಕುವವನಂತೆ ಜೇಬು ತಡಕಿದೆ.

ಬಿಲ್ಲೆಯಕ್ಕ ನಗಲಿಲ್ಲ. ಸೊಂಟದಿಂದ ಬೀಗದಕೈ ಬಿಚ್ಚಿ ಮೇಜಿನ ಮೇಲಿಟ್ಟಳು. "ತಪ್ಪು ತೋರಿಸಿ ಅಂದ್ರಿ, ತೋರಿಸಿದೆ. ಅದರಲ್ಲಿ ಅರ್ಧ ನಂದೂ ಇದೆ. ನೀವೇ ಹೇಳಿ ಯಜಮಾನ್ರೇ."

ಯಜಮಾನರು ಬೀಗದಕೈ ನೋಡಿದರು, ಭಾವನನ್ನು ನೋಡಿದರು, ಕೊನೆಗೆ ಕುರ್ಚಿಯಲ್ಲಿದ್ದವಳನ್ನು ನೋಡಿದರು. "ಗಾಯ ನಿಮ್ಮದು ತಾಯಿ. ಹೊಸ ಬೂಟು ನಾವು ಹೊಲಿದು ಕೊಡ್ತೀವಿ. ಅಳತೆ ಯಾರು ತಗೋಬೇಕು?"

"ಈ ಅಕ್ಕನೇ ತಗೊಳ್ಲಿ. ಇಷ್ಟು ಅನುಮಾನದೋರು ತಪ್ಪು ಮಾಡೋದು ಕಮ್ಮಿ. ಆದ್ರೆ ಆ ಅಣ್ಣನೂ ಎದುರಿಗೆ ನಿಂತಿರ್ಲಿ. ಇಬ್ಬರೂ ನನ್ನ ಮುಂದೇನೇ ಮಾತಾಡ್ಕೊಳ್ಲಿ, ನನಗೂ ಕೇಳಿಸ್ಬೇಕು."

ಅವಳ ಗಾಯ ಒಣಗಿದ ಮೇಲೆ ಅಳತೆಯಾಯಿತು. ಗಾಜಿನ ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕದೆ ಬಿಲ್ಲೆಯಕ್ಕ ಅಳತೆ ತೆಗೆದದ್ದು ನಾನು ಕಂಡಂತೆ ಅದೇ ಮೊದಲು. ಉಳಿಯಣ್ಣ ಒಳಗೆ ಬಂದು, ಚಪ್ಪಲಿ ಬಿಟ್ಟು, ದೊಡ್ಡವರ ಮನೆಗೆ ಬಂದವನಂತೆ ಗೋಡೆಗೆ ಅಂಟಿ ನಿಂತಿದ್ದ. ಅವಳು ಬಿಗಿಯಾಗಿ ಅಳೆದಳು. ಸಡಿಲ ಅವನೇ ತೋರಿಸಿದ, ಅವಳು ಕೂಡಿಸಿದಳು. ಆಮೇಲೆ ಬಿಲ್ಲೆಗಳು. ಕೊನೆಗೆ ಒಂದು ಹೊಸತು: 'ಸಡಿಲ ಬಿಟ್ಟಾಗಿದೆ, ಉಳಿಯಣ್ಣ'. ಆ ಬೂಟು ಬಸ್ಸಿನ ಬ್ರೇಕಿಗೂ ಜಗ್ಗಲಿಲ್ಲ ಎಂದು ಕಂಡಕ್ಟರಮ್ಮ ಹೇಳಿಕಳಿಸಿದಳು. ಬೊಬ್ಬೆಯ ಬಿಲ್ಲೆ ತೆಗೆಯಬೇಕೆಂದೂ ಹೇಳಿಕಳಿಸಿದಳು. ಬಿಲ್ಲೆಯಕ್ಕ ಅದನ್ನು ತೆಗೆಯಲಿಲ್ಲ.

ಬೋಳಾಗಿದ್ದ ಸೊಟ್ಟ ಕಾಲಿನವರನ್ನೆಲ್ಲ ಒಬ್ಬೊಬ್ಬರಾಗಿ ಕರೆಸಿ ಮತ್ತೆ ಅಳೆದರು. ಆ ಕೆಲಸ ನಡೆಯುತ್ತಿದ್ದಾಗ ಒಂದು ದಿನ ಉಳಿಯಣ್ಣನ ಯಂತ್ರದ ಮೇಲಿನ ಮೊಳೆಯಲ್ಲಿ, ಹಳೆಯ ಉಳಿಯ ಪಕ್ಕದಲ್ಲಿ, ಹೊಸ ಬೀಗದಕೈಯೊಂದು ನೇತಾಡುತ್ತಿತ್ತು. ಅಳತೆಕೋಣೆಯದು, ಹೊಸದಾಗಿ ಮಾಡಿಸಿದ್ದು. ಅದಕ್ಕೊಂದು ಬಿಲ್ಲೆ ಬೇರೆ, ಅವಳಪ್ಪ ಅಚ್ಚುಗಳಿಗೆ ಬಡಿಯಲು ಇಟ್ಟಿದ್ದ ಬಿಲ್ಲೆಗಳ ಡಬ್ಬಿಯದೇ.

ಉಳಿಯಣ್ಣ ಅದನ್ನು ಮುಟ್ಟಲು ಹೋಗಿ ಕೈ ಹಿಂದೆ ತೆಗೆದ. ನನ್ನನ್ನು ಕರೆದು ಪಿಸುಗುಟ್ಟಿದ: "ಅಣ್ಣಾ, ಇದರಲ್ಲೇನೋ ಇದೆ. ನಾನು ಮುಟ್ಟಿದ್ರೆ ಅವಳಿಗೆ ಗೊತ್ತಾಗತ್ತೆ ಅಂತೀಯಾ?"

ನಾನು ಕನ್ನಡಕ ಏರಿಸಿ ಬಿಲ್ಲೆಯನ್ನು ಹಿಂದೆ ಮುಂದೆ ತಿರುವಿ ನೋಡಿದೆ. ಸಾದಾ ಹಿತ್ತಾಳೆ. ಒಂದು ಗೀರೂ ಇರಲಿಲ್ಲ. ಹಾಗೇ ತಲೆಯೆತ್ತಿದರೆ ಗಾಜಿನ ಬಾಗಿಲ ಆಚೆ ಬಿಲ್ಲೆಯಕ್ಕ ಕಡಲೆ ತಿನ್ನುತ್ತ ನಮ್ಮಿಬ್ಬರನ್ನೇ ನೋಡುತ್ತಿದ್ದಳು.